ಅರ್ಧ ದೂರ ಸಾಕು ಅಂದಿದ್ದರು

ಅಮ್ಮ ದಾವಣಗೆರೆಯಿಂದ ಬಂದು ಆಗ ನಾಲ್ಕು ದಿನ ಆಗಿತ್ತಷ್ಟೆ. ನಿದ್ದೆ ಇನ್ನೂ ಊರಿನ ಗಡಿಯಾರದ ಲೆಕ್ಕದಲ್ಲೇ ಇತ್ತು. ರಾತ್ರಿಯೆಲ್ಲ ಕಣ್ಣು ಹತ್ತಿರಲಿಲ್ಲ. ಸುಮ್ನೆ ಹಾಸಿಗೆಯಲ್ಲಿ ಹೊರಳಾಡೋದು ಯಾಕೆ ಅಂತ ನಸುಕಿನಲ್ಲೇ ಫ್ಲಾಸ್ಕಿಗೆ ಟೀ ತುಂಬಿಕೊಂಡು, ಅವಳಿಗೆ ಎರಡು ಸ್ವೆಟರ್ ಹಾಕಿಸಿ, ಕರಾಪಿರೊ ಕೆರೆಗೆ ಕರೆದುಕೊಂಡು ಹೋದೆ.

ನಾನಿರುವುದು ನ್ಯೂಜಿಲೆಂಡಿನ ಕೇಂಬ್ರಿಜ್ ಎಂಬ ಊರಿನಲ್ಲಿ. ವೈಕಾಟೊ ನದಿಗೆ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿದಾಗ ನೀರು ನಿಂತು ಆದ ಕೆರೆ ಇದು. ಅಮ್ಮನ ತವರು ಚನ್ನಗಿರಿ ತಾಲ್ಲೂಕು. ಸೂಳೆಕೆರೆ ನೋಡಿಕೊಂಡು ಬೆಳೆದವಳು. ಒಮ್ಮೆ ಆ ತುದಿಯಿಂದ ಈ ತುದಿಗೆ ಕಣ್ಣು ಹಾಯಿಸಿ, "ಕೆರೆ ಚೆನ್ನಾಗೈತೆ, ಆದ್ರೆ ನಮ್ಮದ್ರಷ್ಟು ಅಗಲ ಇಲ್ಲ ಬಿಡು" ಅಂದಳು.

ಅಷ್ಟರಲ್ಲಿ ಮಂಜಿನೊಳಗಿಂದ ಒಂದು ದೋಣಿ ಬಂತು. ದೋಣಿ ಅಂದರೆ ಹರಿಹರದ ಹೊಳೆಯ ಹರಿಗೋಲು ನೆನಪಿಸಿಕೊಳ್ಳಬೇಡಿ. ಇದು ಎಂಟು ಮೀಟರಿಗಿಂತ ಉದ್ದ, ಅಗಲ ಮಾತ್ರ ಕೂತವರ ಸೊಂಟದಷ್ಟೇ. ಸ್ಪರ್ಧೆಗೆ ಇರಬೇಕಾದ ಕನಿಷ್ಠ ತೂಕ 14 ಕೆ.ಜಿ. ನಮ್ಮ ಅಡುಗೆ ಸಿಲಿಂಡರಿನೊಳಗೆ ತುಂಬಿರುವ ಗ್ಯಾಸಿನಷ್ಟು! ಅದರಲ್ಲಿ ಒಬ್ಬಳೇ ಹುಡುಗಿ, ಎರಡು ಕೈಗೆ ಎರಡು ಹುಟ್ಟು. ಕೂರುವ ಮಣೆಗೆ ಸಣ್ಣ ಗಾಲಿಗಳು. ಮಂಡಿ ಮಡಚಿ ಮುಂದೆ ಬರುತ್ತಾಳೆ, ಹುಟ್ಟು ನೀರಿಗಿಳಿಯುತ್ತದೆ, ಕಾಲಿನಿಂದ ಒದ್ದು ಹಿಂದೆ ಸರಿಯುತ್ತಾಳೆ. 'ಟಕ್' ಎಂಬ ಒಂದು ಸದ್ದು. ದೋಣಿ ಮುಂದೆ ಹೋದ ಮೇಲೂ ಹುಟ್ಟು ಬಿದ್ದ ಜಾಗದಲ್ಲಿ ಎರಡು ಸುಳಿ ಸ್ವಲ್ಪ ಹೊತ್ತು ತಿರುಗುತ್ತಾ ಇರುತ್ತವೆ. ಇದಕ್ಕೆ ಸಿಂಗಲ್ ಸ್ಕಲ್ಸ್ ಅನ್ನುತ್ತಾರೆ.

ಅಮ್ಮ ಟೀ ಲೋಟ ಹಿಡಿದುಕೊಂಡೇ ಕೇಳಿದಳು: "ಅಲ್ಲ ಕಣೇ, ಹಿಂದುಮುಂದಾಗಿ ಕುಂತಾಳಲ್ಲ, ದಾರಿ ಹೆಂಗೆ ಕಾಣ್ತದೆ ಅವಳಿಗೆ?"

ಕಾಣುವುದಿಲ್ಲ. ಆಗಾಗ ಕತ್ತು ತಿರುಗಿಸಿ ನೋಡಬೇಕು, ಅಷ್ಟೆ. ಗುರಿಗೆ ಬೆನ್ನು ಹಾಕಿಯೇ ಹೋಗಬೇಕು. ಮುಂದಿರುವವಳಿಗೆ ಹಿಂದಿನವರೆಲ್ಲ ಕಾಣುತ್ತಾರೆ, ಕೊನೆಯಲ್ಲಿರುವವಳಿಗೆ ಯಾರೂ ಕಾಣುವುದಿಲ್ಲ. ಅಮ್ಮನಿಗೆ ಇದು ಬಹಳ ಮನಸ್ಸಿಗೆ ಹತ್ತಿತು. ಅವತ್ತಿನಿಂದ ಮೂರು ತಿಂಗಳು ನಮಗೆ ಅದೇ ಮಾತು.

ನಾನು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಒಲಿಂಪಿಕ್ಸ್‌ನಲ್ಲಿ ಗಂಡಸರು 1900ರಿಂದಲೇ ಈ ಸ್ಪರ್ಧೆಗೆ ಇಳಿದಿದ್ದರು. ಹೆಂಗಸರಿಗೆ ಬಾಗಿಲು ತೆರೆದದ್ದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ. 76 ವರ್ಷ ತಡವಾಗಿ! ವಿಶ್ವ ಚಾಂಪಿಯನ್‌ಶಿಪ್‌ಗೆ ಅವರನ್ನು ಸೇರಿಸಿಕೊಂಡದ್ದೂ 1974ರಲ್ಲೇ. ಅಷ್ಟು ಕಾದ ಮೇಲೂ ಕೊಟ್ಟದ್ದು ಅರ್ಧ ದೂರ. ಗಂಡಸರಿಗೆ 2000 ಮೀಟರ್, ಹೆಂಗಸರಿಗೆ 1000.

ಮಾಂಟ್ರಿಯಲ್‌ನಲ್ಲಿ ಮೊದಲ ಚಿನ್ನ ಗೆದ್ದವರು ಪೂರ್ವ ಜರ್ಮನಿಯ ಕ್ರಿಸ್ಟೀನ್ ಶೈಬ್ಲಿಶ್. 4 ನಿಮಿಷ 5 ಸೆಕೆಂಡು ಚಿಲ್ಲರೆ. ಮದುವೆಯಾಗಿ ಕ್ರಿಸ್ಟೀನ್ ಹಾನ್ ಆದ ಮೇಲೆ, 1978ರಲ್ಲಿ, ಅವರು ವಿಶ್ವ ಚಾಂಪಿಯನ್ ಆದದ್ದು ನಾವು ಟೀ ಕುಡಿಯುತ್ತಾ ಕೂತಿದ್ದ ಇದೇ ಕರಾಪಿರೊದಲ್ಲಿ. ಅವತ್ತೂ ಸಾವಿರ ಮೀಟರೇ.

"ಅರ್ಧ ಯಾಕೆ?" ಅಂದಳು ಅಮ್ಮ.

ನನಗೆ ಸ್ಕೂಲು ನೆನಪಾಯಿತು. ದಾವಣಗೆರೆಯಲ್ಲಿ ನಾನು ಓದಿದ ಶಾಲೆಯ ಕ್ರೀಡಾಕೂಟದಲ್ಲಿ ಹುಡುಗರಿಗೆ ಮೈದಾನದ ಮೂರು ಸುತ್ತು, ನಮಗೆ ಒಂದೇ ಸುತ್ತು. ಒಂದು ಸುತ್ತು ಮುಗಿದಾಗ ನನಗೆ ಆಗಷ್ಟೇ ಉಸಿರು ಹದಕ್ಕೆ ಬಂದಿರುತ್ತಿತ್ತು. ಇನ್ನೂ ಓಡುತ್ತೇನೆ ಅಂದರೆ, ಸಾಕು ಬಾರಮ್ಮ, ಸುಸ್ತಾಗ್ತೀಯ ಅನ್ನುತ್ತಿದ್ದರು. ನನಗೆ ಸುಸ್ತಾಗಿದೆಯಾ ಅಂತ ಯಾರೂ ಕೇಳಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ. ಹಾಗಾಗಿ 1985ರಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, 1988ರಲ್ಲಿ ಸೋಲ್ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೂ 2000 ಮೀಟರ್ ಮಾಡಿದರು ಅಂತ ಓದಿದಾಗ ನನ್ನ ಕಣ್ಣು ತುಂಬಿದ್ದವು. ಸೋಲ್‌ನಲ್ಲಿ ಗೆದ್ದವರು ಪೂರ್ವ ಜರ್ಮನಿಯವರೇ ಆದ ಯುಟ್ಟಾ ಬೆರೆಂಟ್. ಒಲಿಂಪಿಕ್ಸ್‌ನ ಹೆಂಗಸರ ಸಿಂಗಲ್ ಸ್ಕಲ್ಸ್‌ನಲ್ಲಿ ಪೂರ್ತಿ ದೂರ ಹುಟ್ಟು ಹಾಕಿ ಚಿನ್ನ ಪಡೆದ ಮೊದಲಿಗರು ಅವರು.

ಆಮೇಲಿನ ಕಥೆಗಳಲ್ಲಿ ಅಮ್ಮನಿಗೆ ಜಾಸ್ತಿ ಹಿಡಿಸಿದ್ದು ಬಲ್ಗೇರಿಯಾದ ರುಮ್ಯಾನಾ ನೇಕೊವಾ ಅವರದು. 2000ದ ಸಿಡ್ನಿ ಫೈನಲ್‌ನಲ್ಲಿ ಅವರೂ ಬೆಲಾರೂಸಿನ ಎಕಟೆರಿನಾ ಕಾರ್‌ಸ್ಟನ್ ಅವರೂ ಒಟ್ಟೊಟ್ಟಿಗೇ ಗೆರೆ ದಾಟಿದರು. ಫೋಟೊ ನೋಡಿ ತೀರ್ಮಾನ ಮಾಡಬೇಕಾಯಿತು. ಕಾರ್‌ಸ್ಟನ್ ಗೆದ್ದದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಎರಡು ಕಿಲೋಮೀಟರ್ ಹುಟ್ಟು ಹಾಕಿದ ಮೇಲೆ! ನೇಕೊವಾ ಬಿಡಲಿಲ್ಲ. 2004ರಲ್ಲಿ ಅಥೆನ್ಸ್‌ನಲ್ಲಿ ಕಂಚು. 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ. ಆ ಸಲ ಕಾರ್‌ಸ್ಟನ್ ಅವರಿಗೆ ಕಂಚು. "ಎಂಟು ವರ್ಷ" ಅಂತ ಅಮ್ಮ ಬೆರಳು ಮಡಚಿ ಎಣಿಸಿದಳು.

ನಮ್ಮ ಕಡೆಯವರು ಅಂತ ನಾನು ಹೇಳಿಕೊಳ್ಳುವುದು ಎಮ್ಮಾ ಟ್ವಿಗ್ ಅವರನ್ನು. ಹುಟ್ಟೂರು ನೇಪಿಯರ್, ದೋಣಿ ತೇಲಿಸಿ ಪಳಗಿದ್ದು ಈ ಕೆರೆಯಲ್ಲಿ. 2010ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಮತ್ತೆ ಇಲ್ಲಿಗೆ ಬಂದಾಗ ಅವರಿಗೆ ಕಂಚು ಸಿಕ್ಕಿತು. ಲಂಡನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. ರಿಯೊದಲ್ಲೂ ನಾಲ್ಕನೇ ಸ್ಥಾನ. ಮೂರನೆಯವರ ಕೊರಳಿಗೆ ಪದಕ ಹಾಕುವುದನ್ನು ಎರಡು ಸಲ ನೋಡುವುದು ಸಣ್ಣ ಮಾತಲ್ಲ, ಅಲ್ವಾ? ದೋಣಿ ಬಿಟ್ಟರು. ಆದರೆ ಮತ್ತೆ ಹತ್ತಿದರು. 2021ರಲ್ಲಿ ಟೋಕಿಯೊದಲ್ಲಿ, 34ನೇ ವಯಸ್ಸಿಗೆ, 7 ನಿಮಿಷ 13.97 ಸೆಕೆಂಡಿನಲ್ಲಿ ಗುರಿ ಮುಟ್ಟಿ ಚಿನ್ನ ಗೆದ್ದರು.

ಅಮ್ಮ ಊರಿಗೆ ಹೋದ ಮೇಲೂ ಇದನ್ನು ಮರೆಯಲಿಲ್ಲ. 2024ರ ಆಗಸ್ಟ್ 3, ಶನಿವಾರ. ಪ್ಯಾರಿಸ್ ಫೈನಲ್. ನನಗೆ ರಾತ್ರಿ, ಊರಲ್ಲಿ ಅಮ್ಮನಿಗೆ ಮಧ್ಯಾಹ್ನ. ಒಂಬತ್ತನೇ ಕ್ಲಾಸಿನ ನನ್ನ ಅಣ್ಣನ ಮಗಳು ಅರ್ಧ ದಿನದ ಸ್ಕೂಲು ಮುಗಿಸಿ ಬಂದಿದ್ದಳು. ಅಜ್ಜಿ ಮೊಮ್ಮಗಳು ಒಗ್ಗರಣೆ ಮಂಡಕ್ಕಿ ತಟ್ಟೆ ಇಟ್ಟುಕೊಂಡು ಮೊಬೈಲಿನ ಮುಂದೆ ಕೂತಿದ್ದರಂತೆ. ಗೆದ್ದವರು ನೆದರ್ಲೆಂಡ್ಸಿನ ಕ್ಯಾರೋಲಿನ್ ಫ್ಲೋರೈನ್. ಟ್ವಿಗ್ ಎರಡನೆಯವರು. 37ರ ವಯಸ್ಸಿಗೆ ಬೆಳ್ಳಿ.

ಐದು ನಿಮಿಷಕ್ಕೆ ಫೋನ್ ಬಂತು. "ನಿಮ್ಮ ಹುಡುಗಿ ಚೆನ್ನಾಗಿ ಹೋದ್ಳು ಕಣೇ. ಕೊನೇಲಿ ಆ ಉದ್ದನೆ ಹುಡುಗಿ ಬಿಡಲಿಲ್ಲ ನೋಡು" ಅಂದಳು ಅಮ್ಮ. ಆಮೇಲೆ ಫೋನು ಕೈ ಬದಲಾಯಿಸಿತು.

"ಅತ್ತೆ, ಸೂಳೆಕೆರೇಲಿ ನೆಟ್ಟಗೆ ಎರಡು ಸಾವಿರ ಮೀಟರ್ ಸಿಗುತ್ತಾ?"

ಸಿಗುತ್ತೆ ಪುಟ್ಟಿ, ಪೂರ್ತಿ ಸಿಗುತ್ತೆ ಅಂದೆ.