ಚಾಳೀಸಿನ್ಯಾಗ ಎರಡು ಬಳಿ

“ತಮ್ಮಾ, ಚಾಳೀಸಿನ್ಯಾಗ ಎರಡು ಬಳಿ ಕಾಣಾಕತ್ತಾವಲ್ಲೋ!”

ಧಾರವಾಡದ ಸಪ್ತಾಪುರದಲ್ಲಿರುವ ನಿವೃತ್ತ ಮಾಸ್ತರೊಬ್ಬರು ತಮ್ಮದೇ ವಿಡಿಯೋ ನೋಡಿ ಹೀಗಂದಾಗ ನಗಬೇಕೋ ತಲೆ ತಗ್ಗಿಸಬೇಕೋ ತಿಳಿಯಲಿಲ್ಲ. ವಚನಗಳ ಬಗ್ಗೆ ವಾರಕ್ಕೊಂದು ಪಾಡ್‌ಕಾಸ್ಟ್ ಮಾಡಬೇಕು ಅಂತ ಅವರ ಆಸೆ. ನಾನು ಹುಬ್ಬಳ್ಳಿಯಿಂದ ರಿಂಗ್ ಲೈಟ್, ಅಂದರೆ ಬಳೆಯಾಕಾರದ ದೀಪ, ಹೊತ್ತುಕೊಂಡು ಹೋಗಿ, ಅವರ ಮುಖಕ್ಕೆ ನೆಟ್ಟಗೆ ಇಟ್ಟು, ಎರಡು ತಾಸು ರೆಕಾರ್ಡ್ ಮಾಡಿಕೊಂಡು ಬಂದಿದ್ದೆ. ಧ್ವನಿ ಚೊಕ್ಕವಾಗಿತ್ತು. ಕನ್ನಡಕದಲ್ಲಿ ಕಣ್ಣಿದ್ದ ಜಾಗದಲ್ಲಿ ಮಾತ್ರ ಆ ದೀಪದ ಬಿಳಿ ಬಳೆ.

ನಾನು ಮದುವೆ ವಿಡಿಯೋ ಮಾಡಿ ಕೈ ಪಳಗಿಸಿಕೊಂಡವನು. ಮಂಟಪದಲ್ಲಿ ಬೆಳಕು ಸಾಲದಿದ್ದರೆ 1000 ವ್ಯಾಟಿನ ಸನ್‌ಗನ್, ಅದೇ ಕಾವು ಕಾರುವ ಕೈದೀಪ, ಹಿಡಿದರಾಯಿತು, ಮದುಮಗ ಬೆವೆತರೆ ಅವನ ಪಾಡು. ಬೆಳಕು ಅಂದರೆ ಇನ್ನಷ್ಟು ಬೆಳಕು ಅನ್ನೋದು ತಲೆಯಲ್ಲಿ ಕೂತುಬಿಟ್ಟಿತ್ತು. ಫ್ಯಾನ್ ಸದ್ದು ಮೈಕಿಗೆ ಬರುತ್ತದೆ ಅಂತ ಫ್ಯಾನ್ ಆರಿಸಿ ಕೂರುವ ಸಣ್ಣ ಕೋಣೆಗೆ ಈ ಬುದ್ಧಿ ನಡೆಯುವುದಿಲ್ಲ.

ಬಳೆಯಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಕಂಪ್ಯೂಟರಿಗೆ ಹಾಕಿ ನೋಡಿದರೆ ಗೋಡೆ ಮೇಲೆ ಮಬ್ಬು ಪಟ್ಟೆಗಳು ಮೇಲಿಂದ ಕೆಳಗೆ ಹರಿಯುತ್ತಿದ್ದವು. ಕೋಣೆಯ ಅಗ್ಗದ ಎಲ್‌ಇಡಿ ಬಲ್ಬಿನ ಕಿತಾಪತಿ ಅದು. ನಮ್ಮ ಕರೆಂಟು 50 ಹರ್ಟ್ಜ್. ಒಳಗೆ ಕರೆಂಟನ್ನು ಹದಮಾಡುವ ಡ್ರೈವರ್ ಕಳಪೆಯಾದರೆ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಶಟರ್, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಒಳಬಿಡುವ ಹೊತ್ತು, 1/60 ಸೆಕೆಂಡಿನಲ್ಲಿದ್ದ ನನ್ನ ಫೋನಿಗೆ ಗೊತ್ತಾಗಿತ್ತು. ಫೋನ್ ಕ್ಯಾಮೆರಾದ ಪ್ರೊ ಮೋಡ್‌ಗೆ ಹೋಗಿ ಶಟರ್ 1/50 ಅಥವಾ 1/100 ಮಾಡಿದ್ದರೆ ಪಟ್ಟೆ ಬರುತ್ತಿರಲಿಲ್ಲ. ಈಗ ಯಾರ ಮನೆಗೆ ಹೋದರೂ ಮೊದಲು ಬಲ್ಬನ್ನು ಸ್ಲೋ ಮೋಷನ್‌ನಲ್ಲಿ ಹಿಡಿದು ನೋಡುತ್ತೇನೆ, ಮಿಣುಕೋ ಬಲ್ಬು ಅಲ್ಲೇ ಸಿಕ್ಕಿಬೀಳುತ್ತದೆ. ಸಾಲದ್ದಕ್ಕೆ ಮಗ್ಗುಲ ಹಸಿರು ಗೋಡೆಯ ಬಣ್ಣ ಸರ್ ಕೆನ್ನೆಗೆ ಬಡಿದು, ಅವರು ಜ್ವರದಿಂದ ಎದ್ದವರ ಹಾಗೆ ಕಾಣುತ್ತಿದ್ದರು.

ಎರಡನೇ ಸಲ ಹೋದಾಗ ಕೈಯಲ್ಲಿದ್ದದ್ದು ಎರಡು ಬಲ್ಬು, ಹೋಲ್ಡರ್, ವೈರು, ಒಂದು ಥರ್ಮಾಕೋಲ್ ಹಾಳೆ. ಎಲ್ಲಾ ಸೇರಿ ಸಾವಿರ ರೂಪಾಯಿ ಒಳಗೆ. ಬಲ್ಬು ಮಾತ್ರ ಪೆಟ್ಟಿಗೆ ಮೇಲೆ ಸಿಆರ್‌ಐ 90 ಅಂತ ಇದ್ದದ್ದನ್ನೇ ಹುಡುಕಿ ತಂದೆ; ಬೆಳಕಿನಲ್ಲಿ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅನ್ನೋದರ ಅಂಕ ಅದು, ನೂರಕ್ಕೆ. ಸಾಮಾನ್ಯ ಬಲ್ಬಿನದು 80ರ ಆಸುಪಾಸು, ಅದರಲ್ಲಿ ನಮ್ಮ ಮೈಬಣ್ಣ ಕಳೆಗುಂದುತ್ತದೆ. ಎರಡೂ 4000 ಕೆಲ್ವಿನ್, ಅಂದರೆ ತೀರಾ ಹಳದಿಯೂ ಅಲ್ಲದ ನೀಲಿಯೂ ಅಲ್ಲದ ಬೆಳಕು. ನೀಲಿ ಹೊಡೆಯುವ 6500ರ ಟ್ಯೂಬ್‌ಲೈಟ್ ಆರಿಸಿದೆ, ಎರಡು ಬಣ್ಣದ ಬೆಳಕು ಬೆರೆತರೆ ಆಮೇಲೆ ಸರಿಮಾಡೋದು ಬಲು ತ್ರಾಸು.

ಬೆಳಕಿಗೆ ಅಡ್ಡ ಹಿಡಿಯಲು ಬಿಳಿ ಬಟ್ಟೆ ಬೇಕಿತ್ತು. “ಇವರ ಹಳೇ ಧೋತರ ಐತಿ, ಆಕ್ಕೈತೇನು ನೋಡ್ರಿ,” ಅಂದರು ಸರ್ ಹೆಂಡತಿ, ಅವ್ವಾರು. ಅದಕ್ಕಿಂತ ಒಳ್ಳೆಯದು ಏನು ಬೇಕು! ಕೋಣೆಗೆ ಅಡ್ಡ ಹಗ್ಗ ಕಟ್ಟಿ ಧೋತರ ಇಳಿಬಿಟ್ಟು, ಅದರ ಹಿಂದೆ ಒಂದೂವರೆ ಅಡಿ ದೂರದಲ್ಲಿ ಬಲ್ಬು ಇಟ್ಟೆ. ಮೂರಡಿ ಅಗಲದ ಬಟ್ಟೆಯೇ ದೀಪವಾಯಿತು. ಆಷಾಢದ ಮೋಡ ಕವಿದ ದಿನ ಧಾರವಾಡದ ಬೀದಿಯಲ್ಲಿ ನೆರಳಿಗೆ ಅಂಚೇ ಇರುವುದಿಲ್ಲವಲ್ಲ, ಥೇಟ್ ಹಾಗೆ. ಎಲ್‌ಇಡಿ ಆದ್ದರಿಂದ ಈ ಧೈರ್ಯ. ಸನ್‌ಗನ್ ಮುಂದೆ ಬಟ್ಟೆ ಕಟ್ಟಿದರೆ ಬೆಂಕಿ ಹತ್ತೀತು.

ಧೋತರವನ್ನು ಸರ್ ಎಡಕ್ಕೆ, ಹಣೆಗಿಂತ ಮೇಲೆ ಸರಿಸಿದೆ. ಗಾಜಿಗೆ ಬಡಿದ ಬೆಳಕು ಕೆಳಗೆ ಹೋಯಿತು, ಕ್ಯಾಮೆರಾಕ್ಕೆ ಬರಲಿಲ್ಲ. ಉಳಿದ ಚೂರು ಹೊಳಪು ಚಾಳೀಸಿನ ಕಡ್ಡಿಯನ್ನು ಕಿವಿ ಮೇಲೆ ಒಂದೆಳೆ ಎತ್ತಿದ್ದಕ್ಕೆ ಮಾಯ. ಬಲಗಡೆ ಹಸಿರು ಗೋಡೆಗೆ ಅಡ್ಡವಾಗಿ ಥರ್ಮಾಕೋಲ್ ನಿಲ್ಲಿಸಿದೆ. ಕೆನ್ನೆಗೆ ಬಿಳಿ ಬೆಳಕೂ ಬಂತು, ಜ್ವರವೂ ಬಿಟ್ಟಿತು.

ನನಗೆ ತಡವಾಗಿ ಹೊಳೆದದ್ದು ದೂರದ ಲೆಕ್ಕ. ಮೊದಲ ಸಲ ದೀಪ ಆರಡಿ ದೂರ, ಸರ್ ಬೆನ್ನಿಗೆ ಮೂರಡಿಯಲ್ಲೇ ಗೋಡೆ. ಮುಖಕ್ಕೆ ಬಿದ್ದ ಬೆಳಕಿನ ಅರ್ಧದಷ್ಟು ಗೋಡೆಗೂ ಬಿದ್ದು, ಕ್ಯಾಲೆಂಡರಿನ ಮೊಳೆ ಕೂಡ ಎದ್ದು ಕಾಣುತ್ತಿತ್ತು. ಈಗ ಕುರ್ಚಿಯನ್ನು ಗೋಡೆಯಿಂದ ಆರಡಿ ಮುಂದೆಳೆದು, ದೀಪವನ್ನು ಮೂರಡಿಗೆ ತಂದೆ. ದೀಪದಿಂದ ಮುಖ ಮೂರಡಿ, ಗೋಡೆ ಒಂಬತ್ತಡಿ; ದೂರ ಮೂರು ಪಟ್ಟಾದರೆ ಬೆಳಕು ಒಂಬತ್ತರಲ್ಲಿ ಒಂದು ಪಾಲು. ಗೋಡೆ ತಾನಾಗಿಯೇ ಕತ್ತಲಿಗೆ ಸರಿಯಿತು.

ಮೊದಲ ಎರಡು ತಾಸಿನ ದುಡ್ಡು ನಾನು ತೆಗೆದುಕೊಳ್ಳಲಿಲ್ಲ. ರಿಂಗ್ ಲೈಟನ್ನೂ ಅಲ್ಲೇ ಬಿಟ್ಟು ಬಂದೆ. ಅವ್ವಾರು ಈಗ ಅದನ್ನು ಹಚ್ಚಿಕೊಂಡು ಜೋಳ ಹಸನು ಮಾಡುತ್ತಾರಂತೆ.