ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ನಮ್ಮ ಬೆಕ್ಕು ಗುಂಡನ ಶುಗರ್ 340 ಅಂತ ಮೀಟರ್ ತೋರಿಸಿದರೂ ಡಾಕ್ಟರಮ್ಮ ಅದನ್ನು ಪೂರ್ತಿ ನಂಬಲಿಲ್ಲ. ಬುಟ್ಟಿಗೆ ತುಂಬಿ, ಆಟೋದಲ್ಲಿ ಕುಲುಕಿಸಿ, ನಾಯಿ ಬೊಗಳೋ ಕಡೆ ತಂದು ಕೂರಿಸಿದರೆ ಕಾಯಿಲೆ ಇಲ್ಲದ ಬೆಕ್ಕಿನ ಸಕ್ಕರೆಯೂ ಗಾಬರಿಗೇ ಅಷ್ಟು ಏರಬಹುದಂತೆ. ಅದಕ್ಕೇ ಫ್ರಕ್ಟೋಸಮೈನ್ ಪರೀಕ್ಷೆ. ಹಿಂದಿನ ಒಂದೆರಡು ವಾರ ಸಕ್ಕರೆ ಹೇಗಿತ್ತು ಅಂತ ಅದು ಹೇಳುತ್ತದೆ, ಆ ಗಳಿಗೆಯ ಭಯ ಅದಕ್ಕೆ ಲೆಕ್ಕವಿಲ್ಲ. ಅದೂ ಜಾಸ್ತಿಯೇ ಬಂತು. ಮೂತ್ರದಲ್ಲೂ ಸಕ್ಕರೆ.

ಲಕ್ಷಣಗಳೇನೋ ಕಣ್ಣೆದುರೇ ಇದ್ದವು. ಬಚ್ಚಲ ಬಕೆಟ್ಟಿಗೆ ತಲೆ ಹಾಕಿ ನೀರು ಕುಡಿಯೋನು. ಮರಳಿನ ಟ್ರೇಯಲ್ಲಿ ರಾಗಿಮುದ್ದೆ ಗಾತ್ರದ ಗಟ್ಟಿಗಳು. ಎಷ್ಟು ತಿಂದರೂ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಹಿಂಗಾಲಿನ ಹಿಮ್ಮಡಿ ನೆಲಕ್ಕೂರಿ ನಡೆಯುತ್ತಿದ್ದದ್ದನ್ನು ನಾವು ವಯಸ್ಸಾಯಿತು ಅಂದುಕೊಂಡಿದ್ದೆವು. ಸಕ್ಕರೆ ನರಕ್ಕೆ ಇಳಿದಿತ್ತು.

“ಅಪ್ಪಂಗೂ ಶುಗರ್, ಇವ್ನಿಗೂ ಶುಗರ್. ಇನ್ನು ಪಾಯಸ ಯಾರಿಗೆ ಮಾಡ್ಲಿ?” ಅಂದಳು ಅಮ್ಮ.

ಬರೆದುಕೊಟ್ಟದ್ದು ಗ್ಲಾರ್ಜಿನ್ ಇನ್ಸುಲಿನ್, 12 ಗಂಟೆಗೊಮ್ಮೆ 1 ಯೂನಿಟ್. ಮೆಡಿಕಲ್ ಶಾಪಿನವನು ವೈಯಲ್ ಜೊತೆ ಕೆಂಪು ಮುಚ್ಚಳದ ಸಿರಿಂಜು ಇಟ್ಟ. ಅಪ್ಪ ವರ್ಷಗಳಿಂದ ಒಯ್ಯುವುದು ಅದನ್ನೇ. ಆದರೆ ಅಪ್ಪನದು ಒಂದು ಮಿಲಿಗೆ 40 ಯೂನಿಟ್ ಇರುವ ಇನ್ಸುಲಿನ್, ಗುಂಡನದು 100. ಕೆಂಪು ಮುಚ್ಚಳದ ಸಿರಿಂಜಿನ ಗೆರೆಗಳು 40ರ ಲೆಕ್ಕದವು, ಕಿತ್ತಳೆಯದು 100ರ ಲೆಕ್ಕದವು. ಕೆಂಪು ಮುಚ್ಚಳದ್ದರಲ್ಲಿ ಒಂದು ಗೆರೆಯಷ್ಟು ಇನ್ಸುಲಿನ್ ಎಳೆದುಕೊಂಡರೆ ಗುಂಡನ ಮೈಗೆ ಎರಡೂವರೆ ಯೂನಿಟ್ ಹೋಗುತ್ತದೆ. ನಾಲ್ಕು ಕಿಲೋ ಪ್ರಾಣಿಗೆ ಅದು ಸಣ್ಣ ವ್ಯತ್ಯಾಸವಲ್ಲ. ಸಕ್ಕರೆ ಕುಸಿದು ಫಿಟ್ಸ್ ಬರಬಹುದು. ಡಾಕ್ಟರಮ್ಮ ಚೀಟಿಯಲ್ಲಿ ‘ಕಿತ್ತಳೆ ಮುಚ್ಚಳ’ ಅಂತ ಬರೆದು ಎರಡು ಗೆರೆ ಎಳೆದಿದ್ದರು. ತೋರಿಸಿದೆ. “ಸಾರ್‌ಗಲ್ವಾ ಇದು?” ಅಂದ. ಬೆಕ್ಕಿಗೆ ಅಂದಮೇಲೆ ನಕ್ಕು ಬದಲಿಸಿಕೊಟ್ಟ.

ಕತ್ತಿನ ಹಿಂದಿನ ಚರ್ಮ ಎತ್ತಿ ಚುಚ್ಚುವುದು ನಾನಂದುಕೊಂಡಷ್ಟು ಕಷ್ಟವಿರಲಿಲ್ಲ, ಮುಖ ತಟ್ಟೆಯಲ್ಲಿ ಇದ್ದರೆ ಅವನಿಗೆ ಗೊತ್ತೂ ಆಗುವುದಿಲ್ಲ. ಆ ಬೆಳಿಗ್ಗೆ ಮಾತ್ರ ಕುಕ್ಕರ್ ಕೂಗಿತು, ಅವನು ಬೆಚ್ಚಿದ, ಸೂಜಿ ಆಚೆ ಬಂತು. ಕೂದಲು ಒದ್ದೆ, ಕೈಗೆ ಆಸ್ಪತ್ರೆ ವಾಸನೆ. ಎಷ್ಟು ಒಳಗೆ ಹೋಯಿತೋ! ಫೋನ್ ಮಾಡಿದೆ.

“ಮತ್ತೆ ಕೊಡ್ಬೇಡಿ. ಒಂದು ಡೋಸ್ ತಪ್ಪಿದ್ರೆ ಪರವಾಗಿಲ್ಲ, ಎರಡು ಸಲ ಹೋದ್ರೆ ಕಷ್ಟ. ಜೇನುತುಪ್ಪ ಹತ್ರ ಇಟ್ಕೊಳ್ಳಿ. ತೂರಾಡಿದ್ರೆ ಒಸಡಿಗೆ ಸವರಿ ಕರ್ಕೊಂಡು ಬನ್ನಿ.”

ತೂರಾಡಲಿಲ್ಲ. ರಾತ್ರಿ ಎಂಟಕ್ಕೆ ಅಪ್ಪ ತಟ್ಟೆ ಹಿಡಿದು ಕೂತರು. ಕುಕ್ಕರ್ ಇಡಬೇಡ ಅಂತ ಅಮ್ಮನಿಗೆ ಆಗಲೇ ಹೇಳಿದ್ದರು.