ಕೆನ್‌ಗೆ ಜ್ವರವೂ ಬಂದಿರಲಿಲ್ಲ

ಕಳೆದ ವಾರ ವಿಜ್ಞಾನ ಸ್ಪರ್ಧೆಯ ದಿನವೇ ಮಗಳಿಗೆ ಜ್ವರ. ಶಾಲೆಯವರು ಬರಬೇಡ ಎಂದರು, ಅವಳ ಜಾಗಕ್ಕೆ ಇನ್ನೊಬ್ಬಳು ಹೋದಳು. ಮನೆಯಲ್ಲಿ ಒಂದೇ ಅಳು. ನನ್ನ ಸಮಾಧಾನದ ಮಾತು ಯಾವುದೂ ನಾಟಲಿಲ್ಲ. ಪಕ್ಕದ ಮನೆಯ ಅಜ್ಜ ಮಾತ್ರ ಬೇಲಿಯಾಚೆಯಿಂದ, "ಕೆನ್‌ಗೆ ಜ್ವರವೂ ಬಂದಿರಲಿಲ್ಲ ಮಗು" ಎಂದರು. ಅವಳು ಅಳು ನಿಲ್ಲಿಸಿ "ಯಾರು ಕೆನ್?" ಎಂದಳು.

ನಾವಿರುವುದು ಹ್ಯೂಸ್ಟನ್‌ನ ಕ್ಲಿಯರ್ ಲೇಕ್‌ನಲ್ಲಿ, ನಾಸಾ ಕೇಂದ್ರದ ಹತ್ತಿರ. ಇಲ್ಲಿನ ಹಳಬರಿಗೆ ಗಗನಯಾತ್ರಿಗಳೆಂದರೆ ಕೇರಿಯವರು. ಕೆನ್ ಮ್ಯಾಟಿಂಗ್ಲಿ ನಾಸಾ ಸೇರಿದ್ದು 1966ರಲ್ಲಿ. 1970ರ ಏಪ್ರಿಲ್‌ನಲ್ಲಿ ಅಪೊಲೊ 13ರಲ್ಲಿ ಚಂದ್ರನ ಕಡೆ ಹೊರಡಬೇಕಿತ್ತು. ಅಷ್ಟರಲ್ಲಿ ಬದಲಿ ತಂಡದ ಚಾರ್ಲಿ ಡ್ಯೂಕ್‌ಗೆ ರುಬೆಲ್ಲಾ ಬಂತು. ನಮ್ಮಲ್ಲಿ ದಡಾರದ ಜೊತೆ ಲಸಿಕೆ ಹಾಕಿಸ್ತೀವಲ್ಲ, ಅದೇ. ಕೆನ್‌ಗೆ ಅದು ಹಿಂದೆ ಬಂದಿರಲಿಲ್ಲ, ತಡೆಯುವ ಶಕ್ತಿಯೂ ಇರಲಿಲ್ಲ. ಹಾರಾಟಕ್ಕೆ ಎರಡು ಮೂರು ದಿನವಿದ್ದಾಗ ಅವರನ್ನು ಬಿಟ್ಟು ಜ್ಯಾಕ್ ಸ್ವಿಗರ್ಟ್ ಅವರನ್ನು ಕಳಿಸಿದರು. ಆಮೇಲೂ ಕೆನ್‌ಗೆ ರುಬೆಲ್ಲಾ ಬರಲೇ ಇಲ್ಲ!

ದಾರಿಯಲ್ಲಿ ಆ ನೌಕೆಯ ಆಮ್ಲಜನಕದ ಟ್ಯಾಂಕ್ ಸಿಡಿಯಿತು. ಕರೆಂಟ್ ಉಳಿಸಲು ಆರಿಸಿಟ್ಟಿದ್ದ ಮುಖ್ಯ ನೌಕೆಯನ್ನು ಮತ್ತೆ ಚಾಲೂ ಮಾಡುವುದು ಹೇಗೆ ಅಂತ ಹೆಜ್ಜೆ ಹೆಜ್ಜೆಯಾಗಿ ಬರೆದುಕೊಟ್ಟವರಲ್ಲಿ ಕೆನ್ ಒಬ್ಬರು. ಅವರು ಇಲ್ಲಿ ಉಳಿದಿದ್ದು ಮೇಲಿದ್ದ ಮೂವರಿಗೂ ಒಳ್ಳೆಯದೇ ಆಯಿತು.

1972ರಲ್ಲಿ ಅಪೊಲೊ 16ರಲ್ಲಿ ಹೋದರು, ಅದೇ ಡ್ಯೂಕ್ ಜೊತೆ. ಡ್ಯೂಕ್ ಮತ್ತು ಜಾನ್ ಯಂಗ್ ಚಂದ್ರನ ಮೇಲೆ ನಡೆದರು. ಕೆನ್ ಒಬ್ಬರೇ ಮೇಲೆ ಸುತ್ತುತ್ತಾ ಚಿತ್ರ ತೆಗೆದರು. ವಾಪಸ್ ಬರುವಾಗ ಫಿಲ್ಮ್ ತರಲು ನೌಕೆಯಿಂದ ಹೊರಗೆ ಹೋಗಿದ್ದರು. ಕಳೆದುಹೋಗಿದ್ದ ಅವರ ಮದುವೆ ಉಂಗುರ ಬಾಗಿಲಿಂದ ತೇಲಿ ಹೊರಟು, ಅವರ ಹೆಲ್ಮೆಟ್‌ಗೇ ತಾಗಿ ಒಳಗೆ ಬಂತಂತೆ. ಮಗಳು ನಕ್ಕಿದ್ದು ಆಗ.

ನನಗೆ ಅಣ್ಣ ನೆನಪಾದ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹೊತ್ತಿಗೆ ಅವನಿಗೆ ಅಮ್ಮ ಆಗಿತ್ತು. ಬಾಗಿಲಿಗೆ ಬೇವಿನ ಸೊಪ್ಪು, ಒಳಗೆ ಚಾಪೆ ಮೇಲೆ ಅವನು, ಪಕ್ಕದಲ್ಲಿ ಪುಸ್ತಕ. ಪರೀಕ್ಷೆ ತಪ್ಪಿತು, ವರ್ಷ ಹೋಯಿತು. ಮುಂದಿನ ವರ್ಷ ಫಸ್ಟ್ ಕ್ಲಾಸ್ ಬಂದ. ಆದರೂ ಇವತ್ತಿಗೂ ನೆಂಟರು ಕೇಳುತ್ತಾರೆ, "ಒಂದ್ಸಲ ಡುಮ್ಕಿ ಹೊಡೆದಿದ್ದೆ ಅಲ್ವಾ?" ಅವನ ಮಕ್ಕಳ ಎದುರಿಗೇ. ನಮ್ಮವರ ಈ ಚಾಳಿ ನನಗೆ ನೋವು ಕೊಡುತ್ತದೆ.

ಮೇ ತಿಂಗಳಲ್ಲಿ ಊರಲ್ಲಿ ಮದುವೆ ಇದೆ. ನಮ್ಮ ಮನೆಯವರೂ ಇದನ್ನು ಓದುತ್ತಾರೆ, ಗೊತ್ತು. ದೊಡ್ಡಪ್ಪ, ಅತ್ತೆ, ಈ ಸಲ ಅಣ್ಣನನ್ನು ಅದೊಂದು ಕೇಳಬೇಡಿ.